ನೇವಿ ಆಫೀಸರ್ ಒಬ್ಬ ಬರ್ಮಾ ಕಾಡಿನ ಯುದ್ಧಕ್ಕೆ ಸೇನಾಪತಿ ಆಗಿದ್ದು ಹೇಗೆ? ತಾತನ ಕಥೆಯಿಂದ ಹುಟ್ಟಿದ ಪ್ರಶ್ನೆ

ಕಾಫಿತೋಟ_84:
ಎಲ್ರಿಗೂ ನಮಸ್ಕಾರ. ಪೋಸ್ಟು ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ಮದು ಸೋಮವಾರಪೇಟೆ ಕಡೆ. ನಮ್ಮ ತಾತ ಎರಡನೇ ಮಹಾಯುದ್ಧದ ಟೈಮಲ್ಲಿ ಬರ್ಮಾ ಗಡೀಲಿದ್ರು, ಬಂದೂಕು ಹಿಡಿದವರಲ್ಲ, ಫೀಲ್ಡ್ ಆಂಬ್ಯುಲೆನ್ಸಲ್ಲಿ ಗಾಯ ಆದವರನ್ನ ಸ್ಟ್ರೆಚರ್ ಮೇಲೆ ಹೊತ್ತು ತರೋ ಕೆಲಸ. ನಾನು ಹೈಸ್ಕೂಲಲ್ಲಿದ್ದಾಗ ತೀರ್ಕೊಂಡ್ರು. ಅವರು ಪದೇ ಪದೇ ಹೇಳ್ತಿದ್ದಿದ್ದು ಮೂರೇ ವಿಷಯ. ದಿನಾ ಸಾಯಂಕಾಲ ಸಾಲಾಗಿ ನಿಲ್ಲಿಸಿ ಹಳದಿ ಮಾತ್ರೆ ನುಂಗಿಸ್ತಿದ್ರಂತೆ, ಮೈಗೆಲ್ಲಾ ಅರಿಶಿನ ಬಳ್ಕೊಂಡಂಗೆ ಆಗ್ತಿತ್ತಂತೆ. ಎರಡನೇದು, ಒಂದು ಸಲ ವಿಮಾನದಲ್ಲಿ ಹೇಸರಗತ್ತೆಗಳ ಜೊತೆ ಕೂತು ಯುದ್ಧಕ್ಕೆ ಹೋದ್ವಿ ಅಂತ. ಇದನ್ನ ಕೇಳಿ ಮನೆ ಮಕ್ಕಳೆಲ್ಲಾ ನಗ್ತಿದ್ವಿ, ತಾತ ಸುಮ್ನೆ ಬಿಡ್ತಾರೆ ಅಂತ. ಮೂರನೇದು, ಬಿಳಿ ಬಟ್ಟೆಯ ದೊಡ್ಡ ನೇವಿ ಸಾಹೇಬ ಒಬ್ಬ ಬಂದು ಪೆಟ್ಟಿಗೆ ಮೇಲೆ ಹತ್ತಿ ನಿಂತು, ಸಾಲು ಬಿಟ್ಟು ಎಲ್ಲರೂ ಹತ್ರ ಬನ್ನಿ ಅಂತ ಕರೆದು ಮಾತಾಡಿದ ಅಂತ. ಅದು ಮೌಂಟ್‌ಬ್ಯಾಟನ್ ಅಂತ ಅಪ್ಪ ಹೇಳ್ತಾರೆ.

ನನಗೆ ಗೊತ್ತಿರೋ ಮೌಂಟ್‌ಬ್ಯಾಟನ್ ಅಂದ್ರೆ 1947ರ ವೈಸ್‌ರಾಯ್ ಅಷ್ಟೇ, ಸ್ಕೂಲಲ್ಲಿ ಅದೊಂದೇ ಓದಿರೋದು. ಹಡಗಿನವನಿಗೆ ಕಾಡಲ್ಲಿ ನಡೆಯೋ ಯುದ್ಧದಲ್ಲಿ ಏನು ಕೆಲಸ? ಯಾರು ನೇಮಕ ಮಾಡಿದ್ದು? ನಿಜವಾಗ್ಲೂ ಏನಾದ್ರೂ ಮಾಡಿದ್ನಾ ಅಥವಾ ರಾಜಮನೆತನ ಅಂತ ಕೂರಿಸಿದ್ರಾ? ತಿಳಿದವರು ಬರೀರಿ.

ಮಾಜಿ_ಸಿಗ್ನಲ್‌ಮನ್:
ನಾನು ನೇವೀಲಿ ಕಮ್ಯುನಿಕೇಶನ್ ಬ್ರಾಂಚಲ್ಲಿ ಹದಿನೈದು ವರ್ಷ ಇದ್ದು ಈಗ ಕಾರವಾರದಲ್ಲಿ ಸೆಟ್ಲ್ ಆದವ, ಈ ಪ್ರಶ್ನೆ ನೋಡಿ ಖುಷಿಯಾಯ್ತು ಮಾರಾಯ್ರೆ, ಯಾಕೆಂದ್ರೆ ಮೌಂಟ್‌ಬ್ಯಾಟನ್ ಮೂಲತಃ ನಮ್ಮ ಕಸುಬಿನವನೇ, ಸಿಗ್ನಲ್ಸ್ ಆಫೀಸರ್. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1900ರ ಜೂನ್ 25ಕ್ಕೆ ವಿಂಡ್ಸರಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗಳ ಮಗ. ಅಪ್ಪ ಪ್ರಿನ್ಸ್ ಲೂಯಿ ಆಫ್ ಬ್ಯಾಟನ್‌ಬರ್ಗ್, ಬ್ರಿಟಿಷ್ ನೇವಿಯ ಅತ್ಯುನ್ನತ ಹುದ್ದೆ ಫಸ್ಟ್ ಸೀ ಲಾರ್ಡ್ ಆಗಿದ್ದವರು. 1914ರಲ್ಲಿ ಜರ್ಮನಿ ಜೊತೆ ಯುದ್ಧ ಶುರುವಾದ ಕೂಡ್ಲೆ ಇವರು ಜರ್ಮನ್ ಮೂಲದವರು ಅಂತ ಪೇಪರಲ್ಲಿ ಗಲಾಟೆ ಎದ್ದು ಅಕ್ಟೋಬರಲ್ಲಿ ರಾಜೀನಾಮೆ ಕೊಡಬೇಕಾಯ್ತು. ಆಗ ಈ ಹುಡುಗ ನೇವಲ್ ಕಾಲೇಜಲ್ಲಿ ಕೆಡೆಟ್, ಹದಿನಾಲ್ಕು ವರ್ಷ. 1917ರಲ್ಲಿ ಮನೆ ಹೆಸರನ್ನೇ ಬ್ಯಾಟನ್‌ಬರ್ಗ್‌ನಿಂದ ಮೌಂಟ್‌ಬ್ಯಾಟನ್ ಅಂತ ಬದಲಾಯಿಸಿಕೊಂಡ್ರು. ಅಪ್ಪನ ಆ ಕುರ್ಚಿ ಮೇಲೆ ಮಗನ ಕಣ್ಣು ಕಡೇವರೆಗೂ ಇತ್ತು, ಅದನ್ನ ಮುಂದೆ ಹೇಳ್ತೇನೆ.

1925ರಲ್ಲಿ ಪೋರ್ಟ್ಸ್‌ಮತ್‌ನ ಸಿಗ್ನಲ್ ಸ್ಕೂಲಲ್ಲಿ ಸ್ಪೆಷಲೈಸ್ ಮಾಡಿ ಆಮೇಲೆ ಮಾಲ್ಟಾದಲ್ಲಿ ಮೆಡಿಟರೇನಿಯನ್ ಫ್ಲೀಟಿನ ವೈರ್‌ಲೆಸ್ ಆಫೀಸರ್. ಆ ಕೆಲಸ ಮಾಡಿದವರಿಗೆ ಗೊತ್ತು, ಇಡೀ ಫ್ಲೀಟಿನ ಒಂದೊಂದು ಹಡಗೂ ಏನು ಮಾಡ್ತಾ ಇದೆ, ಯಾರು ಯಾರ ಮಾತು ಕೇಳ್ತಾರೆ, ಯಾವ ಆರ್ಡರ್ ಎಲ್ಲಿ ಸಿಕ್ಕಿ ಹಾಕ್ಕೊಳ್ಳುತ್ತೆ ಅಂತ ಮೊದಲು ತಿಳಿಯೋದು ವೈರ್‌ಲೆಸ್ ರೂಮಿಗೆ. ಮುಂದೆ ಹತ್ತು ದೇಶದವರನ್ನ ಒಂದು ಟೇಬಲ್ಲಿಗೆ ಕೂರಿಸೋ ಕೆಲಸ ಬಂದಾಗ ಆ ಅಭ್ಯಾಸ ಖಂಡಿತ ನೆರವಾಗಿದೆ ಅಂತ ನನ್ನ ನಂಬಿಕೆ.

1939ರಲ್ಲಿ ಎಚ್‌ಎಂಎಸ್ ಕೆಲ್ಲಿ ಅನ್ನೋ ಡಿಸ್ಟ್ರಾಯರ್, ಜೊತೆಗೆ 5ನೇ ಡಿಸ್ಟ್ರಾಯರ್ ಫ್ಲೋಟಿಲ್ಲಾದ ಕಮಾಂಡ್. 1940ರ ಮೇನಲ್ಲಿ ಟಾರ್ಪೆಡೊ ಬಿದ್ದು ಹಡಗು ಒಂದು ಕಡೆ ವಾಲಿಕೊಂಡೇ 91 ಗಂಟೆ ಎಳೆಸ್ಕೊಂಡು ಟೈನ್ ನದಿಗೆ ವಾಪಸ್ ಬಂತು. ರಿಪೇರಿ ಆಗಿ ಹೋಗಿ 1941ರ ಮೇ 23ಕ್ಕೆ ಕ್ರೀಟ್ ದ್ವೀಪದ ಹತ್ರ ಜರ್ಮನ್ ಸ್ಟೂಕಾ ವಿಮಾನಗಳ ಬಾಂಬಿಗೆ ಮುಳುಗಿತು. ಸುಮಾರು 130 ಮಂದಿ ಹೋದ್ರು. ಹಡಗು ಮಗುಚಿದಾಗ ಇವನೂ ನೀರಿಗೆ ಬಿದ್ದು, ಉಳಿದವರ ಜೊತೆ ಎಚ್‌ಎಂಎಸ್ ಕಿಪ್ಲಿಂಗ್ ಎತ್ತಿಕೊಳ್ತು.

ಅಲ್ಲಿಂದ ಎರಡೇ ವರ್ಷಕ್ಕೆ, 43ನೇ ವಯಸ್ಸಿಗೆ, 1943ರ ಆಗಸ್ಟಲ್ಲಿ ಕ್ವಿಬೆಕ್ ಸಭೇಲಿ ಚರ್ಚಿಲ್ಲೂ ರೂಸ್‌ವೆಲ್ಟೂ ಒಪ್ಪಿ ಆಗ್ನೇಯ ಏಷ್ಯಾದ ಸುಪ್ರೀಂ ಅಲೈಡ್ ಕಮಾಂಡರ್ ಮಾಡಿದ್ರು. ಆ ಕಮಾಂಡಿನ ಹೆಸರೇ ಸೀಯಾಕ್, ಅಂದ್ರೆ ಸೌತ್ ಈಸ್ಟ್ ಏಷ್ಯಾ ಕಮಾಂಡ್.

ಧಾರವಾಡ_ಓದುಗ:
ಸಿಗ್ನಲ್‌ಮನ್ ಸರ್, ನೀವು ಬರದದ್ದೆಲ್ಲಾ ಖರೇನ, ಆದ್ರ ನಡುವಿನ ಒಂದ್ ವರ್ಷ ಹಾರಿಸಿಬಿಟ್ಟೀರಿ. ಅದನ್ನ ಬಿಟ್ಟು ಈ ಮನಷ್ಯಾನ ಕರಿಯರ್ ಹೇಳೂದು ಸರಿ ಅಲ್ರಿ.

1941ರ ಅಕ್ಟೋಬರದಾಗ ಚರ್ಚಿಲ್ ಇಂವನ್ನ ಕಂಬೈನ್ಡ್ ಆಪರೇಷನ್ಸ್‌ಗೆ ಹಾಕಿದ, ಅಂದ್ರ ನೇವಿ, ಆರ್ಮಿ, ಏರ್‌ಫೋರ್ಸ್ ಮೂರೂ ಕೂಡಿ ಶತ್ರುವಿನ ದಂಡಿ ಮ್ಯಾಲೆ ದಾಳಿ ಮಾಡೂ ಇಲಾಖೆ. ಮುಂದಿನ ಮಾರ್ಚಿಗೆ ಅದರ ಚೀಫ್ ಆಗಿ ವೈಸ್ ಅಡ್ಮಿರಲ್, ಅದರ ಜೋಡಿ ಆರ್ಮಿಯೊಳಗ ಲೆಫ್ಟಿನೆಂಟ್ ಜನರಲ್, ಏರ್‌ಫೋರ್ಸಿನೊಳಗ ಏರ್ ಮಾರ್ಷಲ್ ಅಂತ ಗೌರವ ಪದವಿ. ಆ ಇಲಾಖೆ ಯೋಜನಾ ಮಾಡಿದ್ದ, ಫ್ರಾನ್ಸಿನ ಡಿಯೆಪ್ ಬಂದರದ ಮ್ಯಾಲಿನ ದಾಳಿ ನಡದದ್ದು 1942ರ ಆಗಸ್ಟ್ 19ಕ್ಕ. ಹೋದವರು ಸುಮಾರು 6,000 ಮಂದಿ, ಅದರಾಗ ಹತ್ತಿರ ಹತ್ತಿರ 5,000 ಕೆನಡಾದ ಹುಡುಗರು. ಮುಂಜಾನಿಂದ ಮಧ್ಯಾಹ್ನದೊಳಗ ಮುಗದು ಹೋತು. 907 ಕೆನಡಾದವರು ಸತ್ತರು, 1,900ಕ್ಕೂ ಹೆಚ್ಚು ಮಂದಿ ಸೆರಿ ಸಿಕ್ಕರು. ದೊಡ್ಡ ಹಡಗದ ತೋಪಿನ ಬೆಂಬಲ ಇಲ್ಲ, ಮೊದಲ ಭಾರಿ ಬಾಂಬ್ ದಾಳಿ ಇಲ್ಲ, ಟ್ಯಾಂಕುಗಳು ದಂಡಿಯೊಳಗಿನ ಉರುಟು ಕಲ್ಲಿನಾಗ ಸಿಕ್ಕೊಂಡು ನಿಂತವು. ಇಂವ ಕಡೀತನಕಾನೂ ಅದರಿಂದ ಕಲ್ತ ಪಾಠದಿಂದನ 1944ರಾಗ ಫ್ರಾನ್ಸಿನ ನಾರ್ಮಂಡಿ ದಂಡಿಗೆ ಇಳದು ಗೆದ್ವಿ ಅಂತ ಹೇಳಿದ. ಕೆನಡಾದ ಮನಿತನಗಳು ಅದನ್ನ ಒಪ್ಪಲಿಲ್ಲ, ನಾನೂ ಒಪ್ಪಂಗಿಲ್ಲ. ಪಾಠ ಕಲೀಲಿಕ್ಕೆ 907 ಹೆಣ ಬೇಕಾಗಿದ್ದಿಲ್ಲ.

ಬ್ಯಾರೆ ದೇಶದ ಸೈನಿಕರನ್ನ ನಿಮ್ಮ ಕೈಯಾಗ ಕೊಟ್ಟಾಗ ಜವಾಬ್ದಾರಿ ಎರಡು ಪಟ್ಟು ಇರ್ತದ. ನಾನು ಇಂವನ್ನ ಅಳೆಯೂದು ಅದರಿಂದನ.

ಮಾಜಿ_ಸಿಗ್ನಲ್‌ಮನ್:
ಒಪ್ಪಿದೆ. ಡಿಯೆಪ್ ಬಿಟ್ಟಿದ್ದು ನನ್ನ ತಪ್ಪು. ಪ್ಲಾನಿಂಗಲ್ಲಿ ಆರ್ಮಿ, ಏರ್‌ಫೋರ್ಸ್, ಕೆನಡಾದ ಜನರಲ್‌ಗಳು ಎಲ್ಲರೂ ಇದ್ರು, ಆದರೆ ಇಲಾಖೆಯ ಮುಖ್ಯಸ್ಥ ಇವನೇ, ಹೊಣೆ ಜಾರಿಸೋಕೆ ಬರೋದಿಲ್ಲ.

ಕುಣಿಗಲ್_ಕುದುರೆ:
ನನಗೆ ಒಂದು ಡೌಟು. ಸುಪ್ರೀಂ ಕಮಾಂಡರ್ ಅಂದ್ಮೇಲೆ ಆರ್ಡರ್ ಕೊಟ್ರೆ ಮುಗೀತಲ್ವಾ, ಇದ್ರಲ್ಲಿ ಟೇಬಲ್ಲಿಗೆ ಕೂರಿಸೋದು ಗೀರಿಸೋದು ಎಲ್ಲಿಂದ ಬಂತು?

ಇತಿಹಾಸ_ಟೀಚರ್:
ಎಲ್ಲಾ ಇರೋದೇ ಅಲ್ಲಿ. ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡ್ತೀನಿ, ಅವರೂ ಇದನ್ನೇ ಕೇಳ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ಸೀಯಾಕ್ ಶುರುವಾಗಿದ್ದು 1943ರ ನವೆಂಬರ್ 16ಕ್ಕೆ, ಮೊದಲು ದೆಹಲೀಲಿ, 1944ರ ಏಪ್ರಿಲಿಂದ ಸಿಲೋನಿನ ಕ್ಯಾಂಡಿ ಹತ್ರ ಪೆರಾದೆಣಿಯ ಸಸ್ಯೋದ್ಯಾನದಲ್ಲಿ. ಕೈಕೆಳಗೆ ಬ್ರಿಟಿಷರು, ನಮ್ಮವರು, ಗೂರ್ಖಾಗಳು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು, ಅಮೆರಿಕನ್ನರು, ಚೀನೀಯರು. ಒಬ್ಬೊಬ್ಬರ ಉದ್ದೇಶ ಒಂದೊಂದು. ಬ್ರಿಟಿಷರಿಗೆ ಬರ್ಮಾ, ಮಲಯಾ, ಸಿಂಗಾಪುರ ವಾಪಸ್ ಬೇಕು. ಅಮೆರಿಕಕ್ಕೆ ಅದರಲ್ಲಿ ಆಸಕ್ತಿನೇ ಇಲ್ಲ, ಅವರಿಗೆ ಚೀನಾಕ್ಕೆ ಸಾಮಾನು ಹೋಗೋ ದಾರಿ ತೆರೆದಿರಬೇಕು ಅಷ್ಟೇ. ಅಮೆರಿಕನ್ ಸೈನಿಕರು ಸೀಯಾಕ್ ಅನ್ನೋ ಹೆಸರನ್ನೇ 'ಸೇವ್ ಇಂಗ್ಲೆಂಡ್ಸ್ ಏಷಿಯಾಟಿಕ್ ಕಾಲೋನೀಸ್' ಅಂತ ಬಿಡಿಸಿ ಓದ್ತಿದ್ರು. ಅದು ಬರೀ ತಮಾಷೆ ಅಲ್ಲ, ಮನಸ್ಸಲ್ಲಿ ಇದ್ದ ಮಾತು.

ಈಗ ಅಧಿಕಾರ ನೋಡಿ. ಡೆಪ್ಯುಟಿ ಅಮೆರಿಕದ ಜನರಲ್ ಸ್ಟಿಲ್‌ವೆಲ್. ಆತ ಅದೇ ಹೊತ್ತಿಗೆ ಚೀನಾದ ಚಿಯಾಂಗ್ ಕೈ-ಶೆಕ್‌ಗೆ ಚೀಫ್ ಆಫ್ ಸ್ಟಾಫ್, ಅದೇ ಹೊತ್ತಿಗೆ ಚೀನಾ-ಬರ್ಮಾ-ಇಂಡಿಯಾದ ಎಲ್ಲಾ ಅಮೆರಿಕನ್ ಸೇನೆಯ ಕಮಾಂಡರ್, ಸಾಲದು ಅಂತ ಉತ್ತರ ಬರ್ಮಾದಲ್ಲಿ ಚೀನೀ ಡಿವಿಷನ್‌ಗಳನ್ನ ಸ್ವತಃ ನಡೆಸ್ತಾ ಕಾಡಲ್ಲಿ ಕೂತಿದ್ದವರು. ಒಂದು ಟೋಪಿ ಹಾಕ್ಕೊಂಡ್ರೆ ಮೌಂಟ್‌ಬ್ಯಾಟನ್ ಮಾತು ಕೇಳಬೇಕು, ಇನ್ನೊಂದು ಹಾಕ್ಕೊಂಡ್ರೆ ಕೇಳಬೇಕಾಗಿಲ್ಲ. ನಿಯಮ ಪ್ರಕಾರ ಅವರ ತುಕಡಿ ಸೀಯಾಕ್‌ನ ಭೂಸೇನೆ ಮುಖ್ಯಸ್ಥ ಜನರಲ್ ಗಿಫರ್ಡ್ ಕೆಳಗೆ ಬರಬೇಕಿತ್ತು, ಸ್ಟಿಲ್‌ವೆಲ್ ಸುತಾರಾಂ ಒಪ್ಪಲಿಲ್ಲ. ಸಭೇಲಿ ಎಷ್ಟು ಹೊತ್ತು ಎಳೆದಾಡಿದ್ರೂ ಆಗದೆ ಕೊನೆಗೆ ಅವರೇ, ನಾನು ಉತ್ತರ ಬರ್ಮಾದ ಕಮೈಂಗ್ ಊರು ತಲುಪೋವರೆಗೆ ಸ್ಲಿಮ್ ಕೆಳಗೆ ಇರ್ತೀನಿ ಅಂದುಬಿಟ್ರು. ಸ್ಲಿಮ್ ಅಂದ್ರೆ ಅದೇ ಗಿಫರ್ಡ್ ಕೈಕೆಳಗಿನ 14ನೇ ಆರ್ಮಿಯ ಕಮಾಂಡರ್, ಸ್ಟಿಲ್‌ವೆಲ್‌ಗಿಂತ ಜೂನಿಯರ್! ಲೆಕ್ಕಕ್ಕೆ ಸಿಗದ ಏರ್ಪಾಡು. ಆದರೆ ಮೌಂಟ್‌ಬ್ಯಾಟನ್ ಅದನ್ನ ಒಪ್ಪಿ ಬಿಟ್ಟುಬಿಟ್ರು, 1944ರ ಜೂನಲ್ಲಿ ಕಮೈಂಗ್ ಬೀಳೋವರೆಗೆ ಹಾಗೇ ನಡೀತು.

ಭಾರತ ಅನ್ನೋ ದೊಡ್ಡ ಉಗ್ರಾಣ ಕೂಡ ಅವರ ಕೈಲಿರಲಿಲ್ಲ, ಅದು ಕಮಾಂಡರ್ ಇನ್ ಚೀಫ್ ಆಕಿನ್‌ಲೆಕ್ ಕೈಲಿ. ಅಕ್ಕಿ, ಪೆಟ್ರೋಲು, ರೈಲು ಎಲ್ಲಕ್ಕೂ ಅಲ್ಲಿ ಕೇಳಬೇಕು.

ಮಾಜಿ_ಸಿಗ್ನಲ್‌ಮನ್:
ನೇವಿಯವರೇ ಇವನ ಮಾತು ಕೇಳಲಿಲ್ಲ ಅನ್ನೋದನ್ನ ಸೇರಿಸ್ಕೊಳ್ಳಿ. ಈಸ್ಟರ್ನ್ ಫ್ಲೀಟಿನ ಅಡ್ಮಿರಲ್ ಸಾಮರ್ವಿಲ್ ಪಳಗಿದ ಅಡ್ಮಿರಲ್. ಮೌಂಟ್‌ಬ್ಯಾಟನ್ ಭುಜದ ಮೇಲಿದ್ದ ಅಡ್ಮಿರಲ್ ಪಟ್ಟಿ ಆಕ್ಟಿಂಗ್, ನೇವಿ ಲಿಸ್ಟಲ್ಲಿ ಆತನ ಕಾಯಂ ರ‍್ಯಾಂಕು ಇನ್ನೂ ಕ್ಯಾಪ್ಟನ್ನೇ. ದಡದಲ್ಲಿ ಸೇನೆ ಇಳಿಸೋದಾದ್ರೆ ಹಡಗು ನಿನ್ನ ಮಾತು ಕೇಳ್ತವೆ, ಸಮುದ್ರದ ಯುದ್ಧಕ್ಕೆ ನಾನು ಲಂಡನ್ನಿನ ಅಡ್ಮಿರಾಲ್ಟಿಗೆ ಮಾತ್ರ ಉತ್ತರ ಕೊಡೋದು ಅಂತ ಸಾಮರ್ವಿಲ್ ಹಠ ಹಿಡಿದ್ರು. 1944ರ ಆಗಸ್ಟಲ್ಲಿ ಅವರು ಬದಲಾಗೋವರೆಗೂ ಆ ಜಗಳ ತೀರಲಿಲ್ಲ.

ಇವತ್ತೂ ಇದೇ ಕಥೆ. ಬಹ್ರೇನಲ್ಲಿ ಕಂಬೈನ್ಡ್ ಮ್ಯಾರಿಟೈಮ್ ಫೋರ್ಸಸ್ ಅಂತ ಇದೆಯಲ್ಲ, 40ಕ್ಕೂ ಹೆಚ್ಚು ದೇಶದ್ದು, ಅದರ ಕಮಾಂಡರ್ ಅಮೆರಿಕದ ವೈಸ್ ಅಡ್ಮಿರಲ್, ಅವರೇ ಅಮೆರಿಕದ 5ನೇ ಫ್ಲೀಟಿಗೂ ಕಮಾಂಡರ್. ಒಂದೊಂದು ದೇಶದ ಹಡಗೂ ತನ್ನ ಸರ್ಕಾರ ಹಾಕಿದ ಗೆರೆ ದಾಟೋದಿಲ್ಲ. ಯಾವ ಹಡಗಿಗೆ ಏನು ಮಾಡೋ ಪರ್ಮಿಷನ್ ಇದೆ ಅಂತ ತಿಳ್ಕೊಂಡೇ ಕೆಲಸ ಹಂಚಬೇಕು. ಗದರಿಸಿದ್ರೆ ಹಡಗು ಊರಿಗೆ ವಾಪಸ್ ಹೋಗ್ತದೆ ಅಷ್ಟೇ.

ಕುಣಿಗಲ್_ಕುದುರೆ:
ಅಂದ್ರೆ ಮದುವೆ ಮನೆ ಯಜಮಾನ ಇದ್ದಂಗೆ. ಎಲ್ಲಾ ಅವನದೇ ಜವಾಬ್ದಾರಿ, ಆದ್ರೆ ಬೀಗರಿಗೆ ಏನೂ ಅನ್ನಂಗಿಲ್ಲ. ಈಗ ಅರ್ಥ ಆಯ್ತು ಮೇಡಂ.

ಕಾಫಿತೋಟ_84:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರ ಬರುತ್ತೆ ಅಂದ್ಕೊಂಡಿರಲಿಲ್ಲ. ಆ ಹಳದಿ ಮಾತ್ರೆ ಏನು ಅಂತ ಯಾರಿಗಾದ್ರೂ ಗೊತ್ತಾ?

ಇತಿಹಾಸ_ಟೀಚರ್:
ಮೆಪಾಕ್ರಿನ್. ಮಲೇರಿಯಾ ಮಾತ್ರೆ, ದಿನಾ ತಗೊಂಡ್ರೆ ಚರ್ಮ ಹಳದಿ ಆಗ್ತಿತ್ತು. ನಿಮ್ಮ ತಾತ ಹೇಳಿದ್ದು ಅಕ್ಷರಶಃ ನಿಜ. ಮೌಂಟ್‌ಬ್ಯಾಟನ್ ಬಂದಾಗ ನನಗೆ ಮೂರೇ ಚಿಂತೆ ಅಂದಿದ್ರು, ಮನೋಸ್ಥೈರ್ಯ, ಮಳೆಗಾಲ, ಮಲೇರಿಯಾ, ಇಂಗ್ಲಿಷಲ್ಲೂ ಮೂರೂ ಎಂ ಅಕ್ಷರದಲ್ಲೇ ಶುರುವಾಗುತ್ತೆ. 1943ರಲ್ಲಿ ಒಬ್ಬ ಗಾಯಾಳು ಆಸ್ಪತ್ರೆಗೆ ಬಂದ್ರೆ ಕಾಯಿಲೆಯವರು 120 ಮಂದಿ ಬರ್ತಿದ್ರು ಅಂತ ಸ್ಲಿಮ್ ಬರ್ಕೊಂಡಿದ್ದಾರೆ. ಸ್ಟ್ರೆಚರ್ ಹೊರೋರಿಗೆ ಆ ಲೆಕ್ಕ ಬೆನ್ನಲ್ಲೇ ಗೊತ್ತಾಗಿರುತ್ತೆ. ಮಾತ್ರೆ ಸರಿಯಾಗಿ ನುಂಗಿಸ್ತಿದ್ದಾರಾ ಅಂತ ಸ್ಲಿಮ್ ಇದ್ದಕ್ಕಿದ್ದಂತೆ ತಪಾಸಣೆ ಮಾಡಿಸಿ, ಮೂವರು ಕಮಾಂಡಿಂಗ್ ಆಫೀಸರ್‌ಗಳನ್ನ ಮನೆಗೆ ಕಳಿಸಿದ್ರು, ಆಮೇಲೆ ಎಲ್ಲರೂ ದಾರಿಗೆ ಬಂದ್ರು.

ಮಳೆಗಾಲದ ವಿಷಯ ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿವರೆಗೆ ಮೇ ತಿಂಗಳಿಂದ ಯುದ್ಧ ನಿಲ್ಲಿಸಿ ಕೂರೋದು ಎರಡೂ ಕಡೆ ರೂಢಿ. ಈ ಸಲ ಮಳೇಲೂ ಹೋರಾಡ್ತೀವಿ ಅಂತ ಮೌಂಟ್‌ಬ್ಯಾಟನ್ ನಿರ್ಧಾರ ಮಾಡಿದಾಗ ಅನುಭವಿ ಅಧಿಕಾರಿಗಳೇ ತಲೆ ಅಲ್ಲಾಡಿಸಿದ್ರು.

ಧಾರವಾಡ_ಓದುಗ:
ಪೆಟಿಗಿ ಮ್ಯಾಲೆ ನಿಂತು ಭಾಷಣ ಮಾಡೂದು ಖರೇ ಇರಬಹುದು, ಆದ್ರ ಇಂಫಾಲ ಗೆದ್ದವರು ಸ್ಲಿಮ್ ಮತ್ತ ಸೈನಿಕರು. ಕ್ಯಾಂಡಿಯೊಳಗ ತ್ವಾಟದಾಗ ಸಾವಿರಾರು ಮಂದಿ ಸ್ಟಾಫ್ ಇಟ್ಕೊಂಡು ಕೂತಾಂವಗ ಕ್ರೆಡಿಟ್ ಯಾಕ್ರಿ? ನನಗ ಒಂದ, ಒಂದ ನಿರ್ಧಾರ ತೋರಸ್ರಿ, ಇದು ಇಂವ ಇರಲಿಲ್ಲ ಅಂದ್ರ ಆಗ್ತಿದ್ದಿಲ್ಲ ಅನ್ನೂವಂಥಾದ್ದು.

ಇತಿಹಾಸ_ಟೀಚರ್:
ತೋರಿಸ್ತೀನಿ ಸರ್. 1944ರ ಮಾರ್ಚ್ 14.

ಮಾರ್ಚ್ 7ಕ್ಕೆ ಮೌಂಟ್‌ಬ್ಯಾಟನ್ ಸ್ಟಿಲ್‌ವೆಲ್‌ರ ರಣರಂಗ ನೋಡೋಕೆ ಹೋದವರು ಜೀಪು ತಾವೇ ಓಡಿಸ್ತಾ ಬರುವಾಗ ಬಿದಿರಿನ ತುದಿ ಸಿಡಿದು ಎಡಗಣ್ಣಿಗೆ ಹೊಡೀತು. ಲೇಡೋದ ಅಮೆರಿಕನ್ ಆಸ್ಪತ್ರೇಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು. ಅದೇ ವಾರ ಜಪಾನಿನ 15ನೇ ಆರ್ಮಿ ಮುಟಾಗುಚಿ ನೇತೃತ್ವದಲ್ಲಿ ಚಿಂದ್ವಿನ್ ನದಿ ದಾಟಿ ಇಂಫಾಲದ ಕಡೆ ನುಗ್ಗಿತು. ಡಾಕ್ಟರ್ ಬೇಡ ಅಂದ್ರೂ 14ಕ್ಕೆ ಎದ್ದು ವಿಮಾನ ಹತ್ತಿ ಸ್ಲಿಮ್ ಅವರ ಹೆಡ್‌ಕ್ವಾರ್ಟರ್ಸ್ ಇದ್ದ ಕೊಮಿಲ್ಲಾಕ್ಕೆ ಬಂದ್ರು. ಸ್ಲಿಮ್ ಕೇಳಿದ್ದು ಒಂದೇ, ನನ್ನ 5ನೇ ಇಂಡಿಯನ್ ಡಿವಿಷನ್ ಬರ್ಮಾದ ಅರಾಕಾನಲ್ಲಿ ಸಮುದ್ರದ ಬದಿ ಇದೆ, ರೈಲು ರಸ್ತೇಲಿ ತಂದ್ರೆ ಇಂಫಾಲ ಹೋಗಿಬಿಟ್ಟಿರುತ್ತೆ, ವಿಮಾನ ಕೊಡಿ.

ವಿಮಾನ ಎಲ್ಲಿದ್ವು? ಹಿಮಾಲಯದ ಮೇಲಿಂದ ಚೀನಾಕ್ಕೆ ಸಾಮಾನು ಹೊರ್ತಿದ್ದ ಹಂಪ್ ಮಾರ್ಗದಲ್ಲಿ, ಎಲ್ಲಾ ಅಮೆರಿಕದವು. ಅದರಲ್ಲಿ ಒಂದನ್ನೂ ವಾಷಿಂಗ್ಟನ್ನಿನ ಅಮೆರಿಕನ್ ಚೀಫ್ಸ್ ಒಪ್ಪಿಗೆ ಇಲ್ಲದೆ ಮುಟ್ಟೋಹಾಗಿಲ್ಲ ಅಂತ ಸ್ಪಷ್ಟ ಆಜ್ಞೆ ಇತ್ತು. ಮೌಂಟ್‌ಬ್ಯಾಟನ್ ಸ್ಲಿಮ್‌ಗೆ ಕೊಡ್ತೀನಿ ಅಂತ ಅಲ್ಲೇ ಮಾತು ಕೊಟ್ಟು, ಆಮೇಲೆ ಮೇಲಿನವರಿಗೆ ತಂತಿ ಕಳಿಸಿದ್ರು. 'ಬೇಡ' ಅಂತ ಉತ್ತರ ಬರದಿದ್ರೆ 30 ಡಕೋಟಾ ಸಾಗಾಟ ವಿಮಾನ ತಗೋತೀನಿ ಅಂತ. ಒಪ್ಪಿಗೆ ಬಂತು, 30 ಡಕೋಟಾ ಹೊರೋವಷ್ಟು ಭಾರ ಹೊರೋ 20 ಕಮಾಂಡೋ ವಿಮಾನ ಸಿಕ್ಕಿದ್ವು. ಮಾರ್ಚ್ 19ಕ್ಕೆ ಹಾರಾಟ ಶುರು. ಎರಡು ಬ್ರಿಗೇಡು ಇಂಫಾಲಕ್ಕೆ, 161ನೇ ಬ್ರಿಗೇಡು ದಿಮಾಪುರಕ್ಕೆ. ಕೊಹಿಮಾದ ಗುಡ್ಡದ ಮೇಲೆ ಮುತ್ತಿಗೆ ತಡ್ಕೊಂಡು ನಿಂತವರಲ್ಲಿ ಆ 161ನೇ ಬ್ರಿಗೇಡಿನವರೂ ಇದ್ರು.

ಉತ್ತರ 'ಬೇಡ' ಅಂತ ಬಂದಿದ್ರೆ? ಮಿತ್ರದೇಶದ ಆಜ್ಞೆ ಮೀರಿದ ಸುಪ್ರೀಂ ಕಮಾಂಡರ್ ಅಂತ ಆವತ್ತೇ ಕೆಲಸ ಹೋಗ್ತಿತ್ತು. ಸ್ಲಿಮ್ ಈ ಕೆಲಸ ಮಾಡೋಕೆ ಆಗ್ತಿರಲಿಲ್ಲ, ಅವರಿಗೆ ಅಮೆರಿಕದ ವಿಮಾನದ ಮೇಲೆ ಅಧಿಕಾರನೂ ಇಲ್ಲ, ಚರ್ಚಿಲ್‌ಗೆ ನೇರ ತಂತಿ ಕಳಿಸೋ ದಾರಿನೂ ಇಲ್ಲ. ನೂರು ದಿನದ ಮೇಲೆ, ಜೂನ್ 22ಕ್ಕೆ ಕೊಹಿಮಾ ಕಡೆಯಿಂದ ಬಂದವರೂ ಇಂಫಾಲದವರೂ ರಸ್ತೇಲಿ 109ನೇ ಮೈಲಿಗಲ್ಲಿನ ಹತ್ರ ಕೈ ಕುಲುಕಿದ್ರು. ಜಪಾನಿನ ಸೇನೆಗೆ ಅಲ್ಲಿವರೆಗೆ ನೆಲದ ಮೇಲೆ ಆದ ಅತಿ ದೊಡ್ಡ ಸೋಲು ಅದು, ಹಸಿವು ಕಾಯಿಲೆ ಸೇರಿ ಸುಮಾರು 30,000 ಮಂದಿ ಸತ್ತರು.

ಧಾರವಾಡ_ಓದುಗ:
ಮೇಡಂ, ನಿಮ್ಮ ಉತ್ತರ ಒಪ್ಕೊಂಡೆ. ಇದು ಇಂವಂದ, ಖರೇ. ಸ್ಲಿಮ್‌ನ 1945ರಾಗ ಕಿತ್ತಿ ಒಗೀಲಿಕ್ಕೆ ಅವರ ಮ್ಯಾಲಿನ ಅಧಿಕಾರಿ ಜನರಲ್ ಲೀಸ್ ಹೊಂಟಾಗ ಲೀಸ್‌ನ್ನ ಕಳಿಸಿ ಸ್ಲಿಮ್‌ಗ ಅದ ಹುದ್ದೆ ಕೊಟ್ಟರಲ್ಲ, ಅದೂ ಲೆಕ್ಕಕ್ಕ ಹಿಡೀಬಹುದು.

ಆದ್ರ ನಮ್ಮ ಕಡಿಂದ ಎರಡು ಮಾತು ಉಳೀತಾವ್ರಿ. ಇಂಫಾಲದ ಆ ಬಾಜೂಕ ಆಜಾದ್ ಹಿಂದ್ ಫೌಜ್‌ನವರೂ ಇದ್ರು, ಅವರೂ ನಮ್ಮ ಹುಡುಗರ. 1945ರ ಜುಲೈದಾಗ ನೇತಾಜಿ ಸಿಂಗಾಪುರದಾಗ ಅವರ ಸ್ಮಾರಕಕ್ಕ ಅಡಿಗಲ್ಲು ಇಟ್ಟಿದ್ರು, ಸಪ್ಟೆಂಬರದಾಗ ಬ್ರಿಟಿಷರು ಬಂದ ಕೂಡ್ಲೆ ಮೌಂಟ್‌ಬ್ಯಾಟನ್ ಅದನ್ನ ಕೆಡವಿಸಿದ. ಸತ್ತವರ ಕಲ್ಲನ್ನ ಕೆಡವೂದು ಗೆದ್ದಾಂವಗ ಶೋಭಾ ಅಲ್ಲ. ಎರಡನೇದು ಇಂಡೋನೇಷ್ಯಾದ ಜಾವಾ ದ್ವೀಪದ ಸುರಬಾಯಾ. ಜಪಾನ್ ಶರಣಾದ ದಿನ, ಆಗಸ್ಟ್ 15ಕ್ಕ, ಸೀಯಾಕ್‌ಗೆ ಇಂಡೋನೇಷ್ಯಾ, ದಕ್ಷಿಣ ವಿಯೆಟ್ನಾಂ ಎಲ್ಲಾ ಸೇರಿಸಿಬಿಟ್ರು. ಅಲ್ಲಿಯವರು ಸ್ವಾತಂತ್ರ್ಯ ಘೋಷಣಾ ಮಾಡಿದ್ರು, ಅವರ ಎದುರು ನಿಲ್ಲಿಸಿದ್ದು ಯಾರನ್ನ? ನಮ್ಮ ಸೈನಿಕರನ್ನ. ಅಕ್ಟೋಬರ್ 30ಕ್ಕ ಅಲ್ಲಿ ಬ್ರಿಟಿಷ್ ಬ್ರಿಗೇಡಿಯರ್ ಮ್ಯಾಲಬಿ ಸತ್ತ ಮ್ಯಾಲೆ ನವೆಂಬರ್ 10ರಿಂದ ಸುರಬಾಯಾ ಮ್ಯಾಲೆ ದೊಡ್ಡ ದಾಳಿ ಆತು. ಇಂಡೋನೇಷ್ಯಾದಾಗ ಇವತ್ತಿಗೂ ಆ ದಿನ ವೀರರ ದಿನ. ಗುಲಾಮ ದೇಶದವರ ಕೈಲೆ ಇನ್ನೊಂದು ಗುಲಾಮ ದೇಶದವರನ್ನ ಹೊಡಸಿದ್ದು.

ಸಿಂಗಾಪುರದಕ್ಕ:
ಇಷ್ಟು ದಿನ ಸುಮ್ನೆ ಓದ್ತಿದ್ದೆ, ಸಿಂಗಾಪುರದ ಹೆಸರು ಬಂತು ಅಂತ ಬರೀತಿದ್ದೀನಿ. ಆ ಸ್ಮಾರಕ ಇದ್ದ ಜಾಗದಲ್ಲಿ, ಎಸ್ಪ್ಲನೇಡ್ ಪಾರ್ಕಲ್ಲಿ, 1995ರಲ್ಲಿ ಒಂದು ಗುರುತಿನ ಫಲಕ ನಿಲ್ಲಿಸಿದ್ದಾರೆ. ಅಲ್ಲಿಂದ ರಸ್ತೆ ದಾಟಿದ್ರೆ ಹಳೇ ಮುನಿಸಿಪಲ್ ಬಿಲ್ಡಿಂಗು, ಈಗ ನ್ಯಾಷನಲ್ ಗ್ಯಾಲರಿ. 1945ರ ಸೆಪ್ಟೆಂಬರ್ 12ಕ್ಕೆ ಜಪಾನೀಯರು ಶರಣಾಗತಿಗೆ ಸಹಿ ಹಾಕಿದ ಹಾಲು ಅಲ್ಲೇ ಇದೆ. ಈ ಭಾಗದ ಜಪಾನೀ ಸೇನೆಯ ಮುಖ್ಯಸ್ಥ ಫೀಲ್ಡ್ ಮಾರ್ಷಲ್ ತೆರಾವುಚಿಗೆ ಹುಷಾರಿರಲಿಲ್ಲ, ಜನರಲ್ ಇತಗಾಕಿ ಬಂದು ಸಹಿ ಮಾಡಿದ್ದು. ತೆರಾವುಚಿಯನ್ನ ಮೌಂಟ್‌ಬ್ಯಾಟನ್ ಬಿಡಲಿಲ್ಲ, ನವೆಂಬರಲ್ಲಿ ಸೈಗಾನಿಗೆ ಹೋಗಿ ಕತ್ತಿ ಇಸ್ಕೊಂಡ್ರು.

ಕಾಫಿತೋಟದವರೇ, ನಿಮಗೆ ಹೇಳಬೇಕಾದ ಮಾತು ಇದು. ಆ ಸಮಾರಂಭದಲ್ಲಿ ಮಿತ್ರದೇಶಗಳ ಪ್ರತಿನಿಧಿಗಳು ಮೌಂಟ್‌ಬ್ಯಾಟನ್ ಅಕ್ಕಪಕ್ಕ ಕೂತಿದ್ರಲ್ಲ, ಸ್ಲಿಮ್, ಅಮೆರಿಕದ ವ್ಹೀಲರ್, ಫ್ರಾನ್ಸಿನ ಲೆಕ್ಲೆರ್, ಚೀನಾ, ಆಸ್ಟ್ರೇಲಿಯಾ, ಡಚ್ಚರು ಎಲ್ಲಾ, ಅದರಲ್ಲಿ ಭಾರತದ ಪರವಾಗಿ ಕೂತಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ನಿಮ್ಮ ಮಡಿಕೇರಿಯವರು. ಆ ಹಾಲಿಗೆ ಹೋದಾಗೆಲ್ಲಾ ನಾನು ಮಗಳಿಗೆ ಅದನ್ನ ಹೇಳ್ತೀನಿ.

ನೆಹರೂ 1946ರ ಮಾರ್ಚಲ್ಲಿ ಇಲ್ಲಿಗೆ ಬಂದಾಗ ಬ್ರಿಟಿಷ್ ಅಧಿಕಾರಿಗಳು ಅವರನ್ನ ದೂರ ಇಡಬೇಕು ಅಂತಿದ್ರು, ಮೌಂಟ್‌ಬ್ಯಾಟನ್ ಅವರನ್ನ ತೆರೆದ ಕಾರಲ್ಲಿ ಪಕ್ಕ ಕೂರಿಸ್ಕೊಂಡು ಜನರ ಮಧ್ಯೆ ಬಂದ್ರು. ಹಾಗೇನೇ ಆಜಾದ್ ಹಿಂದ್ ಸ್ಮಾರಕದ ಜಾಗದಲ್ಲಿ ಹೂವಿಡೋ ಕಾರ್ಯಕ್ರಮ ಬೇಡ ಅಂತಲೂ ಕೇಳಿಕೊಂಡ್ರು. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು.

ಕಾಫಿತೋಟ_84:
ಅಕ್ಕ, ತಿಮ್ಮಯ್ಯ ಅಲ್ಲಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ! ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ಹೋಗಿದ್ದೀನಿ, ಇದನ್ನ ಗಮನಿಸೇ ಇಲ್ಲ ನೋಡಿ.

ಮಾಜಿ_ಸಿಗ್ನಲ್‌ಮನ್:
ತಿಮ್ಮಯ್ಯನವರೂ ಮುಂದೆ ಬಹುರಾಷ್ಟ್ರೀಯ ಕಮಾಂಡರ್ ಆದವರೇ ಅಲ್ವಾ. ಕೊರಿಯಾದಲ್ಲಿ ಯುದ್ಧಕೈದಿಗಳನ್ನ ವಾಪಸ್ ಕಳಿಸೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು, ರಿಟೈರ್ ಆದ ಮೇಲೆ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್, 1965ರ ಡಿಸೆಂಬರಲ್ಲಿ ಅಲ್ಲೇ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡ್ರು. ಅವರ ಬಗ್ಗೆ ಬೇರೆ ಥ್ರೆಡ್ಡೇ ಬೇಕು.

ಸುರಬಾಯಾ ಬಗ್ಗೆ ಧಾರವಾಡದವರ ನೋವು ನನಗೂ ಇದೆ. ಒಂದು ಮಾತು ಸೇರಿಸ್ತೇನೆ, ಸಮರ್ಥನೆ ಅಲ್ಲ. ಬರ್ಮಾದಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ 1945ರ ಮಾರ್ಚಲ್ಲಿ ಜಪಾನ್ ಬಿಟ್ಟು ಈ ಕಡೆ ಬಂದಾಗ, ದೇಶದ್ರೋಹಿ ಅಂತ ಹಿಡೀಬೇಕು ಅಂದವರ ಮಾತು ಮೀರಿ ಜೊತೆಗೆ ಸೇರಿಸ್ಕೊಂಡವ ಮೌಂಟ್‌ಬ್ಯಾಟನ್. ಇಂಡೋನೇಷ್ಯಾದಲ್ಲೂ ಸ್ವಾತಂತ್ರ್ಯ ನಾಯಕ ಸುಕಾರ್ನೋ ಜೊತೆ ಕೂತು ಮಾತಾಡಿ ಅಂತ, ಮೊದಲು ಅಲ್ಲಿ ಆಳ್ತಿದ್ದ ಡಚ್ಚರ ಬೆನ್ನು ಹತ್ತಿದ್ದ. ಆದರೆ ಸೈನಿಕರನ್ನ ಕಳಿಸಿದ್ದೂ ಅವನ ಕಮಾಂಡೇ. 1946ರ ನವೆಂಬರ್ 30ಕ್ಕೆ ಸೀಯಾಕ್ ಮುಚ್ಚೋವರೆಗೂ ನಮ್ಮವರು ಅಲ್ಲೇ ಸಾಯ್ತಿದ್ರು.

ಉಳಿದ ಕರಿಯರ್ ಬೇಗ ಹೇಳ್ತೇನೆ. ವೈಸ್‌ರಾಯ್, ಗವರ್ನರ್ ಜನರಲ್ ಎಲ್ಲಾ ಆಗಿ 1948ರಲ್ಲಿ ಹೋದವ ಏನು ಮಾಡಿದ ಗೊತ್ತುಂಟಾ, ನೇವಿಗೇ ವಾಪಸ್. ಅದೂ ರಿಯರ್ ಅಡ್ಮಿರಲ್ ರ‍್ಯಾಂಕಿಗೆ, ಮಾಲ್ಟಾದಲ್ಲಿ ಒಂದು ಕ್ರೂಸರ್ ಸ್ಕ್ವಾಡ್ರನ್. ಲಕ್ಷಾಂತರ ಸೈನಿಕರನ್ನ ನಡೆಸಿದವ, ಒಂದು ಉಪಖಂಡದ ಗದ್ದುಗೆ ಮೇಲೆ ಕೂತವ, ಈಗ ಮಾಲ್ಟಾದ ಊಟದ ಸಾಲಲ್ಲಿ ಪದವಿ ಪ್ರಕಾರ 13ನೇ ಜಾಗದಲ್ಲಿ. ನಮ್ಮ ಸರ್ವಿಸಲ್ಲಿ ಒಂದು ಸ್ಟಾರ್ ಇಳಿದ್ರೆ ಮುಖ ತೋರಿಸೋದಿಲ್ಲ ಜನ. ನನಗೆ ಇವನ ಮೇಲೆ ಗೌರವ ಬಂದಿದ್ದು ಅಲ್ಲಿ. 1953ರಲ್ಲಿ ನ್ಯಾಟೋದ ಮೆಡಿಟರೇನಿಯನ್ ಕಮಾಂಡ್ ಸಿಕ್ತು, ಅಲ್ಲಿ ಇಟಲಿ, ಫ್ರಾನ್ಸ್, ಗ್ರೀಸ್, ಟರ್ಕಿ ನೇವಿಗಳು. ಗ್ರೀಸ್ ಟರ್ಕಿ ಒಂದೇ ಮೇಜಿಗೆ ಅಂದ್ರೆ ಊಹಿಸ್ಕೊಳ್ಳಿ. ಇಲ್ಲೂ ಅಮೆರಿಕ ತನ್ನ 6ನೇ ಫ್ಲೀಟನ್ನ ಇವನ ಕೈಗೆ ಕೊಡಲಿಲ್ಲ.

1955ರಲ್ಲಿ ಫಸ್ಟ್ ಸೀ ಲಾರ್ಡ್. 41 ವರ್ಷದ ಹಿಂದೆ ಅಪ್ಪನನ್ನ ಎಬ್ಬಿಸಿ ಕಳಿಸಿದ ಅದೇ ಹುದ್ದೆ. 1956ರ ಸೂಯೆಜ್ ದಾಳಿ ತಪ್ಪು ಅಂತ ಒಳಗೊಳಗೇ ಪ್ರಧಾನಿಗೆ ಹೇಳಿದ, ಆದರೂ ಹಡಗು ಕಳಿಸಿದ. 1959ರಿಂದ 65ರವರೆಗೆ ಚೀಫ್ ಆಫ್ ಡಿಫೆನ್ಸ್ ಸ್ಟಾಫ್, ಮೂರೂ ಸೇನೆಯನ್ನ ಒಂದೇ ರಕ್ಷಣಾ ಸಚಿವಾಲಯದ ಕೆಳಗೆ ತಂದಿದ್ದು ಆಗಲೇ. 1979ರ ಆಗಸ್ಟ್ 27ಕ್ಕೆ ಐರ್ಲೆಂಡಿನ ಮಲ್ಲಾಮೋರ್‌ನಲ್ಲಿ ಮನೆಯವರ ಜೊತೆ ಸಣ್ಣ ದೋಣೀಲಿ ಮೀನು ಹಿಡಿಯೋಕೆ ಹೊರಟಾಗ ಐಆರ್‌ಎ (ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಐರಿಶ್ ಸಶಸ್ತ್ರ ಸಂಘಟನೆ) ಇಟ್ಟ ಬಾಂಬಿಗೆ ಸತ್ತ, ಜೊತೆಗೆ ಹದಿನಾಲ್ಕು ವರ್ಷದ ಮೊಮ್ಮಗನೂ.

ಇತಿಹಾಸ_ಟೀಚರ್:
ಕಾಫಿತೋಟ ಅವರೇ, ನಿಮ್ಮ ತಾತ ಯಾವ ಡಿವಿಷನ್ ಅಂತ ಏನಾದ್ರೂ ದಾಖಲೆ ಇದೆಯಾ? ನನಗೆ ಮೊದಲ ಪೋಸ್ಟ್ ಓದಿದಾಗಿಂದ ಒಂದು ಅನುಮಾನ ಇದೆ.

ಕಾಫಿತೋಟ_84:
ಭಾನುವಾರ ಊರಿಗೆ ಹೋಗಿ ಟ್ರಂಕ್ ತೆಗೆಸಿದೆ ಮೇಡಂ. ಬರ್ಮಾ ಸ್ಟಾರ್ ಮೆಡಲ್ ಇದೆ, ಪೇಪರ್ ಎಲ್ಲಾ ಗೆದ್ದಲು ತಿಂದಿದೆ. ಮೆಡಲ್ ಜೊತೆ ಅಂಗೈಗಿಂತ ಚಿಕ್ಕದಾದ ಒಂದು ಕಪ್ಪು ಬಟ್ಟೆ ತುಂಡು, ಮಧ್ಯದಲ್ಲಿ ಕೆಂಪು ದುಂಡು, ಅಂಚಲ್ಲಿ ಹೊಲಿಗೆ ಬಿಚ್ಚಿದ ಗುರುತು. ಅಜ್ಜಿ ಏನೋ ಹೊಲಿಯೋಕೆ ಇಟ್ಟಿರಬೇಕು ಅಂದ್ಕೊಂಡಿದ್ವಿ.

ಇತಿಹಾಸ_ಟೀಚರ್:
ಅದನ್ನ ದಯವಿಟ್ಟು ಜೋಪಾನವಾಗಿಡಿ. ಕಪ್ಪಿನ ಮೇಲೆ ಕೆಂಪು ದುಂಡು 5ನೇ ಇಂಡಿಯನ್ ಡಿವಿಷನ್ ಗುರುತು, 'ಬಾಲ್ ಆಫ್ ಫೈರ್' ಅಂತಿದ್ರು, ಯೂನಿಫಾರಂ ತೋಳಿಗೆ ಹೊಲಿದಿರ್ತಿದ್ರು. ಅರಾಕಾನಿಂದ ಹಾರಿಸಿದ ಡಿವಿಷನ್ ಅದೇ. ತೋಪು, ಜೀಪು, ಹೇಸರಗತ್ತೆ ಎಲ್ಲಾ ವಿಮಾನಕ್ಕೆ ಹತ್ತಿಸಿದ್ರು, ಪ್ರಾಣಿಗಳು ಜಾರದ ಹಾಗೆ ಬಿದಿರು ಕಟ್ಟಿ ನಿಲ್ಲಿಸ್ತಿದ್ರು. ನಿಮ್ಮ ತಾತ ಹೇಳಿದ್ದು ಸುಳ್ಳಲ್ಲ.

ಇನ್ನೊಂದನ್ನೂ ಹೇಳಬೇಕು. ಸುರಬಾಯಾಕ್ಕೆ ನವೆಂಬರಲ್ಲಿ ಕಳಿಸಿದ್ದೂ ಇದೇ ಡಿವಿಷನ್ನು. ಅವರು ಅಷ್ಟೊತ್ತಿಗೆ ಸೇನೆ ಬಿಟ್ಟಿದ್ರಾ ಇಲ್ವಾ ಅನ್ನೋದು ಮನೆಯವರಿಗೇ ಗೊತ್ತಿರಬೇಕು.

ಧಾರವಾಡ_ಓದುಗ:
ತಮ್ಮಾ, ನಾ ಮ್ಯಾಲೆ ಬರದದ್ದು ನಿಮ್ಮ ತಾತಾರ ಮ್ಯಾಲಿನ ಸಿಟ್ಟಲ್ಲ ಮತ್ತ. ಕಳಿಸಿದವರ ಮ್ಯಾಲಿಂದು. ತಪ್ಪು ತಿಳೀಬ್ಯಾಡ.

ಕಾಫಿತೋಟ_84:
ಇಲ್ಲ ಸರ್, ಖಂಡಿತ ತಪ್ಪು ತಿಳ್ಕೊಂಡಿಲ್ಲ. ಈಗ ತಾನೇ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಓದಿ ಹೇಳ್ದೆ. ಹೇಸರಗತ್ತೆ ವಿಷಯ ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ, ಅವರೂ ಚಿಕ್ಕವರಿದ್ದಾಗ ನಕ್ಕವರೇ. ಆಮೇಲೆ ಹೇಳಿದ್ರು, ತಾತ ಕೆಲವು ಸಲ ಜಾವಾ ಅಂತ ಒಂದು ಮಾತು ಆಡ್ತಿದ್ರಂತೆ. ಅಲ್ಲೇನಾಯ್ತು ಅಂತ ಕೇಳಿದ್ರೆ ಎದ್ದು ತೋಟದ ಕಡೆ ಹೋಗಿಬಿಡ್ತಿದ್ರಂತೆ. ಜಾವಾ ಅನ್ನೋದು ಬರ್ಮಾದಲ್ಲಿರೋ ಊರು ಅಂತ ಅಪ್ಪ ಇಷ್ಟು ವರ್ಷ ಅಂದ್ಕೊಂಡಿದ್ರು. ಆ ಬಟ್ಟೆ ತುಂಡನ್ನ ವಾಪಸ್ ಟ್ರಂಕಿಗೆ ಹಾಕ್ಬೇಡ, ಮೆಡಲ್ ಜೊತೆ ಫ್ರೇಮ್ ಹಾಕ್ಸು ಅಂದ್ರು.